ನಗುಮುಖದ ತರಬೇತಿ

ಎಂಬಿಎ ಮುಗಿಸಿದ ಮೇಲೆ ನನಗೆ ಕಾಸರಗೋಡು ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹುದ್ದೆ ಪಿ.ಆರ್.ಒ.; ರೋಗಿಗಳ ಮನೆಯವರ ಜೊತೆ ಆಸ್ಪತ್ರೆಯ ಪರವಾಗಿ ಮಾತಾಡುವ ಕೆಲಸ. ಮಂಗಳೂರಿನ ಕಾಲೇಜಿನಲ್ಲಿ ನಾನು ಓದಿದ್ದೂ ಆಸ್ಪತ್ರೆಯ ಆಡಳಿತವನ್ನೇ. ರೋಗಿಗಳ ತೃಪ್ತಿಯ ಬಗ್ಗೆ ಪ್ರಾಜೆಕ್ಟ್ ಮಾಡಿ, ಬಣ್ಣಬಣ್ಣದ ನಕ್ಷೆಗಳನ್ನು ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಎಣ್ಮಕಜೆಯಲ್ಲಿ ಶಾಲಾ ಮಾಸ್ತರರಾಗಿದ್ದ ಅಪ್ಪ, ಮಗಳು ಇನ್ನು ಆಸ್ಪತ್ರೆಯನ್ನೇ ನಡೆಸುತ್ತಾಳೆ ಎಂಬಂತೆ ನೆರೆಕರೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಸಂದರ್ಶನ ಮಾಡಿದ್ದು ಅಲ್ಲಿನ ಮ್ಯಾನೇಜರ್. ಕಾಸರಗೋಡಿನವರೇ, ಮನೆಮಾತು ಮಲಯಾಳ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನಾನು ರಾತ್ರಿಯೆಲ್ಲ ಓದಿಕೊಂಡು ಹೋಗಿದ್ದರಲ್ಲಿ ಒಂದನ್ನೂ ಅವರು ಕೇಳಲಿಲ್ಲ.

"ಮಲಯಾಳ ಬರ್ತದಾ?"

"ಅರ್ಥ ಆಗ್ತದೆ ಸರ್. ಮಾತಾಡ್ಲಿಕ್ಕೆ ಸ್ವಲ್ಪ ಕಷ್ಟ. ತುಳು ಬರ್ತದೆ."

"ಯಾರಾದ್ರೂ ಬೈದ್ರೆ ಅಳ್ತೀರಾ?"

ತಮಾಷೆ ಎಂದುಕೊಂಡು ಇಲ್ಲವೆಂದೆ. ಅವರು ನಗಲಿಲ್ಲ. ಮರುದಿನದಿಂದಲೇ ಬರಲು ಹೇಳಿದರು.

ಹೆದರಿಕೆ ಶುರುವಾದದ್ದು ಆ ಮರುದಿನದಿಂದಲೇ. ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ಓದಿ ಬಂದವಳಿಗೆ ಗೊತ್ತಿರುತ್ತದೆ ಎಂದು ಆಸ್ಪತ್ರೆಯವರು ತಿಳಿದಿದ್ದರು. ಕೆಲಸಕ್ಕೆ ಸೇರಿದ ಮೇಲೆ ಕಲಿಸುತ್ತಾರೆ ಎಂದು ಕಾಲೇಜಿನಲ್ಲಿ ಹೇಳಿದ್ದರು. ನಡುವೆ ನಾನು ಒಂದು ಕೋಟು ಹಾಕಿಕೊಂಡು ನಿಂತಿದ್ದೆ. ಕೌಂಟರಿನಲ್ಲಿ ಯಾರ ಸ್ವರವಾದರೂ ಸ್ವಲ್ಪ ಏರಿದರೆ ಮೇಜಿನ ಕೆಳಗೆ ಬಗ್ಗಿ ಏನೋ ಹುಡುಕುವಂತೆ ಮಾಡುತ್ತಿದ್ದೆ. ಬೆಳಿಗ್ಗೆ ನಮ್ಮೂರ ಪೆರ್ಲದಲ್ಲಿ ಬಸ್ಸು ಹತ್ತುವಾಗಲೇ, ಇವತ್ತು ಯಾರೂ ಗಲಾಟೆ ಮಾಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಹಾಗಿರುವಾಗ ಒಂದು ದಿನ ಮಧ್ಯಾಹ್ನ ಎದೆನೋವೆಂದು ವರ್ಕಾಡಿ ಕಡೆಯ ಒಬ್ಬರನ್ನು ಜೀಪಿನಲ್ಲಿ ಕರೆತಂದರು. ಜೊತೆಗೆ ಅವರ ಹೆಂಡತಿ, ಮಗಳು. ಅವರ ಹಿಂದೆಯೇ ಬೈಕುಗಳಲ್ಲಿ ಅಳಿಯ, ನೆರೆಕರೆಯವರು. ರೋಗಿಯನ್ನು ಕ್ಯಾಶುವಾಲಿಟಿಯ ಒಳಗೆ ಕೊಂಡುಹೋಗಿ ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ನರ್ಸ್ ಒಬ್ಬಳು ಹಿಂಬದಿಯಿಂದ ಬಂದು ನನ್ನ ಕಿವಿಯಲ್ಲಿ, "ಜೀವ ಹೋಯ್ತು. ಡಾಕ್ಟ್ರು ಇನ್ನೊಂದು ಆಕ್ಸಿಡೆಂಟ್ ಕೇಸಲ್ಲಿದ್ದಾರೆ. ಅವರೇ ಬಂದು ಹೇಳ್ಬೇಕು," ಎಂದು ಹೇಳಿ ಹೋದಳು.

ಹೊರಗೆ ಆಗಲೇ ಜನ ಏರುದನಿಯಲ್ಲಿ ಕೇಳತೊಡಗಿದ್ದರು. ಮ್ಯಾನೇಜರ್ ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಮೀಟಿಂಗಿಗೆ ಹೋಗಿದ್ದರು. ಫೋನು ಮಾಡಿ ವಿಷಯ ಹೇಳಿದೆ.

"ಪೊಲೀಸರಿಗೆ ನಾನು ಹೇಳ್ತೇನೆ. ನೀವು ಹೊರಗೆ ಹೋಗಿ ಅವರತ್ರ ಮಾತಾಡ್ತಾ ಇರಿ. ತೀರಿಹೋದ್ರು ಅಂತ ಮಾತ್ರ ಹೇಳ್ಬೇಡಿ."

"ಸರ್, ನನಗೆ... ಎಂತ ಮಾತಾಡುದು?"

"ಎಂಬಿಎ ಮಾಡಿದ್ದೀರಲ್ಲ ಮೇಡಂ. ಮ್ಯಾನೇಜ್ಮೆಂಟ್ ಅಂದ್ರೆ ಇದೇ. ಹೋಗಿ." ಫೋನು ಇಟ್ಟರು.

ಕೌಂಟರಿನ ಬಾಗಿಲು ತೆರೆದು ಹೊರಗೆ ಕಾಲಿಟ್ಟೆ. ಎದುರಿಗೆ ಅಳಿಯ, ಎತ್ತರದ ಮನುಷ್ಯ, ಕೈಯಲ್ಲಿ ಹೆಲ್ಮೆಟ್ಟು. ಅವನ ಹಿಂದೆ ಮೊಬೈಲು ಎತ್ತಿ ಹಿಡಿದ ಕೈಗಳು. ಈ ವಿಡಿಯೋ ಅಪ್ಪನ ಫೋನಿಗೂ ಹೋಗುತ್ತದೆ ಎಂಬ ಯೋಚನೆ ಯಾಕೋ ಎಲ್ಲಕ್ಕಿಂತ ಮೊದಲು ಬಂತು. ಕ್ಲಾಸಿನಲ್ಲಿ ಓದಿದ್ದು ಒಂದೂ ನೆನಪಾಗಲಿಲ್ಲ. ನೆನಪಾಗಲಿಲ್ಲ ಎನ್ನುವುದೂ ಸರಿಯಲ್ಲ. ಒಂದು ಮಾತ್ರ ತಾನಾಗಿ ಬಂದಿತ್ತು. ಕೊನೆಯ ಸೆಮಿಸ್ಟರಿನಲ್ಲಿ ನಮ್ಮನ್ನು ಕನ್ನಡಿಯೆದುರು ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದರು, ಗ್ರಾಹಕರು ಎಷ್ಟೇ ಸಿಟ್ಟಾದರೂ ಮುಖದ ನಗು ಮಾಸಬಾರದೆಂದು.

"ನೀವು ಎಂತಕ್ಕೆ ನಗುದು?"

ಕೇಳಿದ್ದು ಮಗಳು. ಆಗಲೇ ನನಗೆ ಗೊತ್ತಾದದ್ದು, ನಾನು ನಗುತ್ತಿದ್ದೇನೆ ಎಂದು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ತುಟಿಗಳು ಹಾಗೆಯೇ ಬಿಗಿದುಕೊಂಡಿದ್ದವು.

"ನನ್ನ ಅಪ್ಪ ಒಳಗಿದ್ದಾರೆ. ನಿಮಗೆ ನಗೆಯಾ?"

ಅಳಿಯ ಹೆಲ್ಮೆಟ್ಟನ್ನು ಕೌಂಟರಿನ ಗಾಜಿಗೆ ಬಡಿದ. ಗಾಜು ಒಡೆಯಲಿಲ್ಲ, ಆದರೆ ಆ ಶಬ್ದಕ್ಕೆ ನಾನು ಹಿಂದೆ ಸರಿದು ಗಾಲಿಕುರ್ಚಿಗೆ ತಾಗಿ ಅದರಲ್ಲೇ ಕೂತುಬಿಟ್ಟೆ. ಯಾರೋ "ಹಿಡಿಯಿರಿ ಅವಳನ್ನು" ಎಂದರು. ಎಲ್ಲರೂ ಒಟ್ಟಿಗೆ ಮುಂದೆ ಬಂದರು. ನನ್ನ ಸುತ್ತ ಬೆಳಕೇ ಕಡಿಮೆಯಾದಂತಾಯಿತು. ಅಂಗಿಗಳು, ಬೆವರಿನ ವಾಸನೆ, ಪೆಟ್ರೋಲಿನ ವಾಸನೆ. ಹೊಡೆಯುತ್ತಾರೆ ಎಂದು ಖಚಿತವಾಗಿ ಕಣ್ಣು ಮುಚ್ಚಿದೆ.

"ನನಗೆ ಹೆದರಿಕೆ ಆಗ್ತಾ ಉಂಟು," ಎಂದೆ. ತುಳುವಿನಲ್ಲಿ ಹೇಳಿದೆನೋ ಕನ್ನಡದಲ್ಲೋ, ಈಗ ನೆನಪಿಲ್ಲ. ಉಪಾಯವೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು.

ಕಣ್ಣು ತೆರೆದಾಗ ರೋಗಿಯ ಹೆಂಡತಿ ಜನರನ್ನು ಸರಿಸಿಕೊಂಡು ನನ್ನ ಮುಂದೆ ಬಂದು ನಿಂತಿದ್ದರು. ತೊಳೆದ ಬಟ್ಟೆ ತುಂಬಿದ ಚೀಲವೊಂದನ್ನು ಎದೆಗೆ ಒತ್ತಿಕೊಂಡಿದ್ದರು.

"ನನಗೂ ಹೆದರಿಕೆ ಆಗ್ತದೆ ಮಗಾ," ಎಂದರು. "ಇದ್ದಾರಾ ಅವರು?"

ಹೇಳಬಾರದು ಎಂದಿದ್ದರು. ನಾನು ಹೇಳಲಿಲ್ಲ. ಬರೀ ಅವರನ್ನು ನೋಡಿದೆ, ನೋಡುತ್ತಿದ್ದಂತೆ ಕಣ್ಣು ತುಂಬಿ ಬಂತು. ಅವರು ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕೂತರು. ಮಗಳು ಕೂಗಿಕೊಂಡಳು. ಅಳಿಯ ಹೆಲ್ಮೆಟ್ಟು ಬಿಟ್ಟು ಅತ್ತೆಯನ್ನು ಹಿಡಿದುಕೊಳ್ಳಲು ಬಗ್ಗಿದ. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಡಾಕ್ಟರು ಹೊರಗೆ ಬಂದದ್ದು ಆಮೇಲೆ, ಪೊಲೀಸರು ಅದಕ್ಕೂ ಆಮೇಲೆ.

ಸಂಜೆ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದರು. ಕೆಲಸ ಹೋಯಿತೆಂದೇ ಎಣಿಸಿ ಒಳಗೆ ಹೋದೆ.

"ಹೇಳ್ಬೇಡಿ ಅಂದಿದ್ದೆನಲ್ಲ?"

"ಹೇಳ್ಲಿಲ್ಲ ಸರ್. ನನ್ನ ಮುಖ ನೋಡಿ ಗೊತ್ತಾಯ್ತು."

"ಇಂಥದ್ದೆಲ್ಲ ಹೇಗೆ ಮಾಡುದು ಅಂತ ನಿಮ್ಮ ಕಾಲೇಜಲ್ಲಿ ಕಲಿಸುದಿಲ್ವಾ?"

"ಇಲ್ಲ ಸರ್." ಆಮೇಲೆ ಎಲ್ಲಿಂದ ಧೈರ್ಯ ಬಂತೋ, "ಇಲ್ಲಿಯೂ ಕಲಿಸ್ಲಿಲ್ಲ," ಎಂದೆ.

ಮೊದಲ ಬಾರಿ ಇಂಥ ಜನರೆದುರು ನಿಂತಾಗ ತಾನು ಹಿಂಬಾಗಿಲಿನಿಂದ ಓಡಿಹೋಗಿದ್ದೆ ಎಂದು ಅವರು ಹೇಳಿದರು. ತನಗೂ ಯಾರೂ ಕಲಿಸಿರಲಿಲ್ಲವಂತೆ. ಅದನ್ನು ಕೇಳಿ ಸಮಾಧಾನವಾಗುವ ಬದಲು ನನಗೆ ಇನ್ನಷ್ಟು ಹೆದರಿಕೆಯಾಯಿತು. ಹಾಗಾದರೆ ಇದು ಗೊತ್ತಿರುವವರು ಯಾರೂ ಇಲ್ಲವೇ?

ಮರುದಿನ ಬೆಳಿಗ್ಗೆ ಬಸ್ಸು ಬಂದಾಗ ಹತ್ತಲು ಕಾಲು ಏಳಲಿಲ್ಲ. ಅದು ಹೋಯಿತು. ಇನ್ನೊಂದು ಬಂತು, ಹತ್ತಿದೆ. ಆ ವಾರದಿಂದ, ಸಾವಿನ ಸುದ್ದಿ ಹೇಳುವಾಗಲೆಲ್ಲ ಡಾಕ್ಟರ ಪಕ್ಕ ನನ್ನನ್ನೂ ನಿಲ್ಲಿಸಿಕೊಳ್ಳಬೇಕೆಂದು ಮ್ಯಾನೇಜರ್ ವ್ಯವಸ್ಥೆ ಮಾಡಿದರು. ನಿಂತು ಕೇಳಿದೆ. ಕೆಲವು ಡಾಕ್ಟರರು ಚೆನ್ನಾಗಿ ಹೇಳುತ್ತಿದ್ದರು, ಕೆಲವರು ಕಲ್ಲು ಎಸೆದಂತೆ ಹೇಳಿ ಹೋಗುತ್ತಿದ್ದರು. ನಾನು ಕಲಿತದ್ದೆಲ್ಲ ಹಾಗೆ ನಿಂತು ನಿಂತೇ.

ಕೆಲವು ವಾರಗಳ ನಂತರ ವರ್ಕಾಡಿಯ ಆ ಹೆಂಗಸು ಮತ್ತೆ ಬಂದರು, ಪಂಚಾಯತಿಗೆ ಕೊಡಲು ಏನೋ ಕಾಗದ ಬೇಕಿತ್ತಂತೆ. ದೂರದಿಂದಲೇ ಗುರುತು ಸಿಕ್ಕಿ, ಒಳಗೆ ಹೋಗಿಬಿಡಲೇ ಎಂದು ನೋಡಿದೆ. ಅಷ್ಟರಲ್ಲಿ ಅವರು ನೇರ ನನ್ನ ಬಳಿಗೇ ಬಂದು ದಾರಿ ಕೇಳಿದರು. ಜೊತೆಯಲ್ಲಿ ನಡೆದು, ಕಾಗದ ಕೈಗೆ ಸಿಗುವವರೆಗೂ ನಿಂತೆ. ಅವರಿಗೆ ನನ್ನ ಗುರುತೇ ಇರಲಿಲ್ಲ.

"ನೀವು ಇಲ್ಲಿ ಹೊಸಬರಾ ಮಗಾ?" ಎಂದು ಕೇಳಿದರು.

"ಹೌದಮ್ಮ," ಎಂದೆ.