ಗೋವಿಂದಮ್ಮನ ಕೆಂಪು ನೆಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ವಜ್ಞನಗರದ ಹಳೆಯ ಹೆಂಚಿನ ಮನೆಯೊಂದರ ಹಾಲ್‌ನಲ್ಲಿ ಗೋವಿಂದಮ್ಮ ಗೋಣಿಚೀಲದ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಸಿಮೆಂಟಿಗೆ ಕೆಂಪು ಪುಡಿ ಕಲಸಿ ಆಗಷ್ಟೇ ಹರಡಿದ ನೆಲದ ಮೇಲೆ ಅವರ ಕರಣೆ ಒಂದೇ ಸಮನೆ ಓಡಾಡುತ್ತಿದೆ. ಒತ್ತುತ್ತಾರೆ, ಎಳೆಯುತ್ತಾರೆ, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಬಿಸ್ಲು ಏರೋದ್ರೊಳಗೆ ಮುಗೀಬೇಕು. ಬೇಗ ಒಣಗ್ಬಿಟ್ರೆ ಬಿರುಕು ಬಿಡ್ತದೆ. ಮಧ್ಯದಲ್ಲಿ ಎದ್ದು ಕಾಫಿ ಕುಡಿಯೋಕೂ ಆಗಲ್ಲ," ಎನ್ನುತ್ತಾರೆ, ತಲೆ ಎತ್ತದೆ.

ಈ ಹಾಲ್‌ನ ಅರ್ಧ ನೆಲ ಮಾತ್ರ ಅವರ ಪಾಲಿನದು. ಅಡಿಯಲ್ಲಿದ್ದ ನೀರಿನ ಪೈಪು ಒಡೆದು ಹಳೆಯ ಕೆಂಪು ನೆಲವನ್ನು ಅಷ್ಟು ಅಗೆಯಬೇಕಾಯಿತು. ಹೇಗೂ ರಿಪೇರಿ ನಡೆದಿದೆ, ಪೂರ್ತಿ ಕಿತ್ತು ಟೈಲ್ಸ್ ಹಾಕಿಬಿಡೋಣ ಎಂದರು ಕಂಟ್ರಾಕ್ಟರು. ಮನೆಯ ಮಗಳು ರಶ್ಮಿ ಒಪ್ಪುವುದರಲ್ಲಿದ್ದರು. ಒಪ್ಪದವರು ತಾಯಿ ಕಾಶಮ್ಮ. ಗಂಡನ ಕೆಲಸದ ನಿಮಿತ್ತ ಗದಗದಿಂದ ಬಂದು ಈ ಮನೆಯಲ್ಲೇ ನೆಲೆಸಿದವರು. "ಕಿಡಕಿ ಬಣ್ಣಾ ಬದಲ ಮಾಡ್ರಿ, ಅಡಿಗಿಮನಿ ದೊಡ್ಡದು ಮಾಡ್ರಿ. ನೆಲಾ ತಗದ್ರ ಇದು ನಮ್ಮ ಮನಿ ಅನ್ಸೂದಿಲ್ಲ," ಎಂದರಂತೆ. ಕೆಂಪು ನೆಲ ಹಾಕುವವರಿಗಾಗಿ ರಶ್ಮಿ ಹಲಸೂರಿನಿಂದ ಕೆ.ಆರ್. ಪುರದವರೆಗೆ ವಿಚಾರಿಸಿದರು. ಕೊನೆಗೆ ಕಗ್ಗದಾಸಪುರದಲ್ಲಿ ಗೋವಿಂದಮ್ಮ ಸಿಕ್ಕರು.

ಗೋವಿಂದಮ್ಮನಿಗೆ ಈಗ ಅರವತ್ತರ ಹತ್ತಿರ. ಮದುವೆಯಾದ ಹೊಸದರಲ್ಲಿ ಗಂಡ ದೊಡ್ಡಮುನಿಯಪ್ಪನ ಜತೆ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ನೆಲ ಹಾಕುತ್ತಿದ್ದರು, ಇವರು ಬಾಂಡ್ಲಿ ಹೊರುತ್ತಿದ್ದರು. ಒಮ್ಮೆ ದೊಡ್ಡಮುನಿಯಪ್ಪನ ಕೈ ಮುರಿದಾಗ, ಅರ್ಧಕ್ಕೆ ನಿಂತ ನೆಲವನ್ನು ಇವರೇ ಮುಗಿಸಿದರು. "ಅವ್ರು ಪಕ್ಕದಲ್ಲಿ ಕೂತು ಬಯ್ಕೊಂಡು ಹೇಳ್ಕೊಟ್ರು. ಬಯ್ಸ್ಕೊಂಡು ಕಲ್ತಿದ್ದು ಮರ್ತೋಗಲ್ಲ," ಎಂದು ನಗುತ್ತಾರೆ. ಗಂಡ ತೀರಿಕೊಂಡ ಮೇಲೂ ಅವರು ಕೆಲಸ ಬಿಡಲಿಲ್ಲ. ಆದರೆ ಕರೆಯುವವರು ಕಡಿಮೆಯಾದರು. ಈಗ ವರ್ಷಕ್ಕೆ ನಾಲ್ಕೈದು ಮನೆ ಸಿಕ್ಕರೆ ಹೆಚ್ಚು. ಉಳಿದ ದಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಕಸ ಗುಡಿಸುತ್ತಾರೆ.

ನಿಮ್ಮ ಮನೆಯ ನೆಲ ಹೇಗಿದೆ ಎಂದು ನಾನು ಕೇಳಿದರೆ, ಅವರು ಈಗಿಲ್ಲದ ನೆಲವೊಂದರ ಕತೆ ಹೇಳುತ್ತಾರೆ.

ಕಗ್ಗದಾಸಪುರ ಇನ್ನೂ ಹಳ್ಳಿಯಂತಿದ್ದಾಗ ಗಂಡ ಹೆಂಡತಿ ಸೇರಿ ತಮ್ಮ ಮನೆಗೊಂದು ಕೆಂಪು ನೆಲ ಹಾಕಿಕೊಂಡಿದ್ದರು. ಮಗ ಜಗದೀಶ್ ಅಂಬೆಗಾಲಿಟ್ಟದ್ದು ಅದರ ಮೇಲೆ. ದೊಡ್ಡಮುನಿಯಪ್ಪನನ್ನು ಕಡೆಯ ಸಲ ಮಲಗಿಸಿದ್ದೂ ಅದರ ಮೇಲೆಯೇ. ಕೆಲವು ವರ್ಷಗಳ ಹಿಂದೆ ಆ ಮನೆ ಕೆಡವಿ ಮೂರು ಅಂತಸ್ತು ಕಟ್ಟಿಸಿದರು. "ಯಾರನ್ನೂ ದೂರಲ್ಲ. ನಾನೇ ಹೂಂ ಅಂದಿದ್ದೆ. ಮಳೆ ಬಂದ್ರೆ ಸೋರೋದು, ಮೊಮ್ಮಕ್ಕಳು ಎಲ್ಲಿ ಮಲಗ್ಬೇಕು? ಒಡೆಯೋ ದಿನ ನಾನು ಇಂದಿರಾನಗರದಲ್ಲಿ ಯಾರದೋ ಮನೆ ನೆಲ ಹಾಕ್ತಿದ್ದೆ. ಸಾಯಂಕಾಲ ಬಂದ್ರೆ ನೆಲದ ಚೂರೆಲ್ಲ ಟ್ರ್ಯಾಕ್ಟರ್‌ನಲ್ಲಿ ತುಂಬ್ಕೊಂಡು ಹೋಗ್ಬಿಟ್ಟಿದ್ರು. ಈಗ್ಲೂ ಬೆಳಿಗ್ಗೆ ಎದ್ದು ಟೈಲ್ಸ್ ಮೇಲೆ ಕಾಲಿಟ್ರೆ, ನೆಂಟರ ಮನೇಲಿದ್ದೀನೇನೋ ಅನ್ನಿಸ್ತದೆ."

ನೆಲದ ಮೇಲೆ ವಾರಕ್ಕೂ ಹೆಚ್ಚು ಕಾಲ ನೀರು ನಿಲ್ಲಿಸಿ, ತೆಗೆದು, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ ದಿನ ಮತ್ತೆ ಕಾಶಮ್ಮನ ಮನೆಗೆ ಹೋಗುತ್ತೇನೆ. ನೆಲ ಹೊಳೆಯುತ್ತಿದೆ. ಆದರೆ ಹೊಸ ಅರ್ಧ ಕಡುಗೆಂಪು, ಹಳೆಯ ಅರ್ಧ ಮಾಗಿದ ಕಂದು. ನಡುವಿನ ಗೆರೆ ಎದ್ದು ಕಾಣುತ್ತಿದೆ. ರಶ್ಮಿಯ ಮುಖ ಸಣ್ಣಗಾಗಿದೆ.

"ಮೂರು ಥರ ಕಲಸಿ ನೋಡ್ದೆ ಕಣಮ್ಮ, ಕೂಡ್ಲಿಲ್ಲ," ಎನ್ನುತ್ತಾರೆ ಗೋವಿಂದಮ್ಮ. "ಅದು ನೀವೆಲ್ಲ ಓಡಾಡಿ ಬಂದಿರೋ ಬಣ್ಣ. ನನ್ನ ಕೈಲಿ ಬರಲ್ಲ."

ಕಾಶಮ್ಮ ಬರಿಗಾಲಲ್ಲಿ ಹಳೆಯದರಿಂದ ಹೊಸದಕ್ಕೆ ದಾಟುತ್ತಾರೆ. ಒಂದು ಗಳಿಗೆ ನಿಲ್ಲುತ್ತಾರೆ. "ತಂಪು ಎರಡೂ ಕಡೆ ಒಂದೇ ಐತಿ. ಇರಲಿ ಬಿಡು," ಎನ್ನುತ್ತಾರೆ. ರಶ್ಮಿಯೂ ಬಂದು ಹೊಸ ಅರ್ಧದ ಮೇಲೆ ಕಾಲಿಡುತ್ತಾರೆ.

ಅಷ್ಟರಲ್ಲಿ ಜಗದೀಶ್ ಬೈಕಿನಲ್ಲಿ ತಾಯಿಯನ್ನು ಕರೆದೊಯ್ಯಲು ಬರುತ್ತಾರೆ. ಯಾವಾಗಲೂ ಗೇಟಿನ ಬಳಿಯೇ ನಿಲ್ಲುವ ಅವರನ್ನು ಕಾಶಮ್ಮ ಇಂದು ಒಳಗೆ ಕರೆಯುತ್ತಾರೆ. ಜಗದೀಶ್ ಚಪ್ಪಲಿ ಬಿಟ್ಟು ಬಂದು, ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲೆ ಅಂಗೈ ಇಟ್ಟು ಹಾಗೇ ಇರುತ್ತಾರೆ.

"ನಮ್ಮನೇದು ಹಿಂಗೇ ಇತ್ತಲ್ವಾಮ್ಮ?"

"ಇದಕ್ಕಿಂತ ಚೆನ್ನಾಗಿತ್ತು. ನಿಮ್ಮಪ್ಪ ಹಾಕಿದ್ದು."

"ನಿನ್ ರೂಮಿನ ಟೈಲ್ಸ್ ಕೀಳ್ಸಿಬಿಡ್ಲಾ?"

ಗೋವಿಂದಮ್ಮ ಕೈಗೆ ಅಂಟಿದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಚೆನ್ನಾಗಿರೋದನ್ನ ಯಾಕೆ ಕೀಳ್ತೀಯ? ಬಾಗ್ಲ ಹೊರಗಡೆ, ಮೆಟ್ಲ ಪಕ್ಕ ಜಾಗ ಇದೆಯಲ್ಲ, ಅಷ್ಟು ಬಿಟ್ಕೊಡು. ಸಾಯಂಕಾಲ ಕೂತ್ಕೊಳ್ಳೋಕೆ. ನಾನೇ ಹಾಕ್ಕೋತೀನಿ."

"ಅಲ್ಲಿ ಬೈಕ್ ನಿಲ್ಲಿಸ್ತೀವಲ್ಲಮ್ಮ."

"ಬೈಕು ಬೀದೀಲಿ ನಿಲ್ಲಲಿ," ಎನ್ನುತ್ತಾರೆ ಗೋವಿಂದಮ್ಮ.