ಅನಸೂಯಾಬಾಯಿಯ ಲ್ಯಾಪ್‌ಟಾಪಿಗೆ ಬೆರಳಿನ ಬೀಗ

2022ರಲ್ಲಿ ನಾನು ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಅಂಗಡಿ ಅಂದರೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಕೋಣೆ. ಅದರಲ್ಲಿ ಒಂದು ಮೇಜು, ಮೇಜಿನ ಮೇಲೆ ಮಡಚಿ ಹಾಸಿದ ಹಳೆಯ ಇಳಕಲ್ ಸೀರೆ. ಗಿರಾಕಿಗಳ ಯಂತ್ರಕ್ಕೆ ಗೀರು ಬೀಳಬಾರದೆಂದು ಆ ಸೀರೆ. ನನ್ನ ತವರು ಕಾಗವಾಡ. ಅಪ್ಪ ಅಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಬಿಚ್ಚುವ ಮೊದಲು ಕಾಗದದ ಮೇಲೆ ಯಂತ್ರದ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಚಿತ್ರದಲ್ಲಿ ಅದರ ತೂತಿನ ಮೇಲೇ ಇಡುವುದನ್ನು ಅವರಿಂದ ಕಲಿತೆ. ಉಳಿದದ್ದನ್ನು ಮಿರಜಿನ ಹಾರ್ಡ್‌ವೇರ್ ಕೋರ್ಸಿನಲ್ಲಿ ಕಲಿತೆ. ಮದುವೆಯಾಗಿ ಚಿಕ್ಕೋಡಿಗೆ ಬಂದ ಮೇಲೆ ಕಲಿತದ್ದೆಲ್ಲ ಗಿರಾಕಿಗಳಿಂದಲೇ. ಅವರಲ್ಲಿ ಒಬ್ಬರು ನಿಪ್ಪಾಣಿಯ ಅನಸೂಯಾಬಾಯಿ.

ಕಬ್ಬಿನ ಹಂಗಾಮು ಶುರುವಾಗಿತ್ತು. ಟ್ರ್ಯಾಕ್ಟರುಗಳ ಧೂಳಿಗೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ಕೂತಿದ್ದೆ. ಬಾಗಿಲನ್ನು ಮೊಣಕೈಯಿಂದ ತಳ್ಳಿ, ಎದೆಗೆ ಒಂದು ಬಟ್ಟೆಯ ಚೀಲ ಅವಚಿಕೊಂಡು, ಐವತ್ತೆಂಟರ ಸುಮಾರಿನ ಹೆಂಗಸೊಬ್ಬರು ಒಳಗೆ ಬಂದರು. ಚೀಲದಿಂದ ಹೊರಗೆ ಬಂದದ್ದು ಡಿವಿಡಿ ಡ್ರೈವ್ ಇದ್ದ ಕಾಲದ ದಪ್ಪ ಲ್ಯಾಪ್‌ಟಾಪು. ಬಲಬದಿಯ ಒಂದು ಯುಎಸ್‌ಬಿ ಕಿಂಡಿ ಒಡೆದು ಒಳಗೆ ಕುಸಿದಿತ್ತು. ಪೆನ್‌ಡ್ರೈವ್ ಚುಚ್ಚಿದ್ದು ಹಾಗೆಯೇ ಚೀಲಕ್ಕೆ ಹಾಕಿದ್ದರಂತೆ, ಬಸ್ಸಿನಲ್ಲಿ ಯಾರದೋ ಮೊಣಕಾಲು ತಾಗಿ ಮುರಿದಿತ್ತು.

"ಅದನ್ನ ಬಿಡ ತಂಗಿ, ಇನ್ನೊಂದ ಕಿಂಡಿ ಐತಿ," ಅಂದರು. "ನನಗ ಬ್ಯಾರೆ ಕೆಲಸ ಆಗಬೇಕಾಗೇತಿ. ಇದಕ್ಕ ಬೆರಳಿಟ್ಟರ ತಗಿಯೂ ಬೀಗ ಹಾಕಿ ಕೊಡ. ನನ್ನ ಬೆರಳಿಗಷ್ಟ ತಗೀಬೇಕು. ಹೊರಗ ಏನೂ ಚಾಚಿರಬಾರದು."

ಪಾಸ್‌ವರ್ಡ್ ಇಲ್ಲವೇ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಪಾಸ್‌ವರ್ಡ್ ಐತಿ. ನಮ್ಮ ಗಲ್ಲಿಯೊಳಗ ಎಲ್ಲಾರಿಗೂ ಬಾಯಿಪಾಠ ಐತಿ."

ಅದರ ಕಥೆ ಹೀಗಿತ್ತು. ಅನಸೂಯಾಬಾಯಿ ಮೂವತ್ತು ವರ್ಷಕ್ಕೂ ಮೇಲೆ ಬೀಡಿ ಕಟ್ಟಿದವರು. ಅಕ್ಷರ ಕಲಿತದ್ದು ಮಕ್ಕಳು ದೊಡ್ಡವರಾದ ಮೇಲೆ, ವಯಸ್ಕರ ತರಗತಿಯಲ್ಲಿ. ಆಮೇಲೆ ಮಹಿಳಾ ಸಂಘದವರು ಟೈಪಿಂಗ್ ಕಲಿಸಿದರು. ಅವರ ಓಣಿಯ ಹೆಂಗಸರು ಹೇಳುವುದು ಮರಾಠಿಯಲ್ಲಿ, ಕಚೇರಿಗಳಲ್ಲಿ ನಡೆಯುವುದು ಕನ್ನಡ. ನಡುವೆ ಕೂತು ಅರ್ಜಿ ಬರೆದುಕೊಡುವವರು ಇವರು. ಪಿಂಚಣಿ, ಪಡಿತರ ಚೀಟಿ, ನಳದ ನೀರು, ಜೊತೆಗೆ ಗಂಡನ ಮನೆಯ ಗೋಳು. ಬರೆಯುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ ಲ್ಯಾಪ್‌ಟಾಪ್ ತೆರೆಯುವುದು ಪಡಸಾಲೆಯಲ್ಲಿ, ಎಲ್ಲರ ಮುಂದೆ. ತಡವಾಗಿ ಅಕ್ಷರ ಕಲಿತವರ ರೂಢಿಯಂತೆ ಒತ್ತುವ ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಹೇಳಿಯೇ ಒತ್ತುತ್ತಿದ್ದರು. ಮೂರು ಸಲ ಪಾಸ್‌ವರ್ಡ್ ಬದಲಿಸಿದರೂ ಮೂರು ಸಲವೂ ಎರಡೇ ದಿನದಲ್ಲಿ ಓಣಿಯ ಹುಡುಗರು ಕುಂಟಾಬಿಲ್ಲೆ ಆಡುತ್ತ ಅದನ್ನೇ ಹಾಡಿಕೊಂಡಿದ್ದರು.

ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿ ಮುಂದಿನದನ್ನು ಹೇಳಿದರು.

ಶಬಾನಾ ಎಂಬ ಮಗಳ ವಯಸ್ಸಿನ ಹೆಂಗಸು ಗಂಡ ಹೊಡೆಯುವ ಸಂಗತಿ ಬರೆಸಲು ಬಂದಿದ್ದಳು. ಅರ್ಜಿ ಅರ್ಧ ಆಗಿತ್ತು. ಅನಸೂಯಾಬಾಯಿ ಸಂತೆಗೆ ಹೋಗಿದ್ದಾಗ ಅವರ ಮೈದುನನ ಮಗ ಸಿನಿಮಾ ನೋಡಲೆಂದು ಲ್ಯಾಪ್‌ಟಾಪ್ ತೆರೆದ. ಅರ್ಜಿ ಓದಿದ. ಪಾನ್ ಅಂಗಡಿಯಲ್ಲಿ ಬಾಯಿಬಿಟ್ಟ. ಸಂಜೆಯೊಳಗೆ ಅದು ಗಂಡನ ಮನೆ ಮುಟ್ಟಿತು. ಒಂದು ವಾರ ಶಬಾನಾ ಹೊರಗೆ ಕಾಣಲಿಲ್ಲ. ಕಂಡಾಗ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ಆಕಿ ನನಗೇನೂ ಅನಲಿಲ್ಲ, ತಂಗಿ. ಅಂದಿದ್ದರ ಬೇಸಿತ್ತು. ಈಗ ಒಬ್ಬಾಕಿಯೂ ನನ್ನ ಬಾಗಿಲಿಗೆ ಬರವಲ್ಲಳು. ನಾ ಅಕ್ಷರ ಕಲತದ್ದು ಯಾತಕ್ಕ ಹಂಗಾರ?"

ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಸಣ್ಣ ಫಿಂಗರ್‌ಪ್ರಿಂಟ್ ರೀಡರ್ ಸಿಗುತ್ತದೆ, ಬೆರಳಚ್ಚು ಓದಿ ಬೀಗ ತೆಗೆಯುತ್ತದೆ ಎಂದು ಹೇಳಿದೆ. ಅವರು ಮುರಿದ ಕಿಂಡಿಯ ಮೇಲೆ ಬೆರಳಿಟ್ಟು, "ಚಾಚಿದ್ದೆಲ್ಲಾ ಮುರೀತೈತಿ," ಅಂದರು. ಹೊಸ ಲ್ಯಾಪ್‌ಟಾಪುಗಳಲ್ಲಿ ರೀಡರ್ ಕಂಪನಿಯಲ್ಲೇ ಕೂಡಿಸಿ ಬರುತ್ತದೆ. ಹಳೆಯದಕ್ಕೆ ಒಳಗೇ ಕೂಡಿಸುವ ಕೆಲಸ ನಾನು ಅಲ್ಲಿಯತನಕ ಮಾಡಿರಲಿಲ್ಲ. ಆದರೂ ಒಪ್ಪಿಕೊಂಡೆ. ಒಡೆದ ಕಿಂಡಿಯೇ ನನಗೆ ಆ ಧೈರ್ಯ ಕೊಟ್ಟಿತು.

ಅದು ಹೇಗೆಂದರೆ, ಯುಎಸ್‌ಬಿ ಕಿಂಡಿಯ ಬೆನ್ನಿಗೆ ಬೋರ್ಡಿನ ಮೇಲೆ ನಾಲ್ಕೇ ಬೆಸುಗೆಯ ಬಿಂದು ಇರುತ್ತವೆ. ಒಂದು ಐದು ವೋಲ್ಟಿನ ಕರೆಂಟು, ಒಂದು ಗ್ರೌಂಡು, ನಡುವಿನ ಎರಡು ಮಾಹಿತಿ ಸಾಗುವ ಡಾಟಾ ತಂತಿಗಳು. ಕಿಂಡಿ ಒಡೆದರೂ ಆ ನಾಲ್ಕಕ್ಕೆ ಜೀವ ಇತ್ತು. ರೀಡರಿನ ಪ್ಲಾಸ್ಟಿಕ್ ಕವಚ ಒಡೆದು ಒಳಗಿನ ಪುಟ್ಟ ಬೋರ್ಡು ತೆಗೆದು, ಅಲ್ಲಿಗೇ ನೇರ ಬೆಸೆದರೆ ಹೊರಗೆ ಏನೂ ಚಾಚುವುದಿಲ್ಲ. ಕೂಡಿಸಲು ಜಾಗವೂ ಇತ್ತು. ಡಿವಿಡಿ ಡ್ರೈವನ್ನು ಯಾರೂ ಬಳಸುತ್ತಿರಲಿಲ್ಲ, ಅದನ್ನು ತೆಗೆದರೆ ಬಲ ಅಂಗೈ ಊರುವ ಕಡೆ ಕೆಳಗೆ ಒಳ್ಳೆಯ ಗೂಡು.

ಕೆಲಸಕ್ಕೆ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ಅನಸೂಯಾಬಾಯಿಯ ಕೈಯಲ್ಲಿಟ್ಟೆ. "ಮಾವಶಿ, ನಿಮ್ಮ ಅರ್ಜಿ ಎಲ್ಲಾ ಇದರಾಗ ಅದಾವ. ಇದು ನನ್ನ ಅಂಗಡ್ಯಾಗ ಬ್ಯಾಡ." ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಕುಪ್ಪಸದಲ್ಲಿ ಇಟ್ಟುಕೊಂಡು ನಿಪ್ಪಾಣಿ ಬಸ್ಸು ಹತ್ತಿದರು. ಟ್ರಂಕಿನಲ್ಲಿ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟೆ ಎಂದು ಮರುದಿನ ಫೋನು ಮಾಡಿ ಹೇಳಿದರು. ಪರೀಕ್ಷೆಗೆ ನನ್ನದೇ ಒಂದು ಹಳೆಯ ಡಿಸ್ಕ್ ಹಾಕಿಕೊಂಡೆ.

ರೀಡರ್ ಬರಲು ಐದು ದಿನ ಹಿಡಿಯಿತು. ಬಂದ ದಿನ ಬ್ಯಾಟರಿ ತೆಗೆದು, ಕಾಗದದ ಮೇಲೆ ಚಿತ್ರ ಬರೆದು, ಇಪ್ಪತ್ತಮೂರು ಸ್ಕ್ರೂ ಬಿಚ್ಚಿದೆ. ಪ್ಲಾಸ್ಟಿಕ್ಕಿನಲ್ಲಿ ತೂತು ಕೊರೆಯುವುದು ಎಲ್ಲಕ್ಕಿಂತ ಅಂಜಿಕೆಯ ಕೆಲಸ, ತಪ್ಪಿದರೆ ತಿದ್ದಲು ಬರುವುದಿಲ್ಲ. ಸಣ್ಣ ಡ್ರಿಲ್ಲಿನಿಂದ ಸುತ್ತಲೂ ಚುಕ್ಕಿ ಕೊರೆದು, ನಡುವಿನ ತುಂಡು ಬಿಡಿಸಿ, ಅಕ್ಕಸಾಲಿಗರ ಅರದಿಂದ ಎರಡು ಮಧ್ಯಾಹ್ನ ಕೂತು ಉಜ್ಜಿದೆ. ಉಜ್ಜುವುದು, ರೀಡರ್ ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಎದುರಿನ ಹೋಟೆಲಿನಿಂದ ಬಂದ ಚಹಾ ಎರಡೂ ದಿನ ಕೆನೆಗಟ್ಟಿ ಆರಿತು. ಈಗ ನೆನೆದರೆ ಅಂಥ ಮಧ್ಯಾಹ್ನಗಳೇ ಆ ಅಂಗಡಿಯ ಸುಖ ಅನ್ನಿಸುತ್ತದೆ.

ಹಳೆಯ ಮೌಸಿನ ತಂತಿ ಕತ್ತರಿಸಿ ನಾಲ್ಕೂ ಬೆಸೆದೆ. ಆನ್ ಮಾಡಿದರೆ ಈ ಸಾಧನ ಯಾವುದೋ ಗೊತ್ತಾಗಲಿಲ್ಲ ಎಂದು ಪರದೆ ಹೇಳಿತು. ಬಿಳಿಯದು ಒಂದು ಡಾಟಾ, ಹಸಿರು ಇನ್ನೊಂದು ಎಂಬುದು ವಾಡಿಕೆ. ಆ ಅಗ್ಗದ ಮೌಸಿನವರು ವಾಡಿಕೆ ಪಾಲಿಸಿರಲಿಲ್ಲ, ನಾನು ಬಣ್ಣ ನಂಬಿ ಮೀಟರ್ ಹಿಡಿಯದೆ ಬೆಸೆದಿದ್ದೆ. ಎರಡನ್ನೂ ಅದಲುಬದಲು ಮಾಡಿದೆ. ಈ ಸಲ ರೀಡರಿನ ಸಣ್ಣ ನೀಲಿ ದೀಪ ಹತ್ತಿತು. ನನ್ನ ತೋರುಬೆರಳು ಇಟ್ಟೆ, ಲ್ಯಾಪ್‌ಟಾಪ್ ತೆರೆಯಿತು. ಇಪ್ಪತ್ತು ಸಲ ಇಟ್ಟೆ, ಇಪ್ಪತ್ತು ಸಲವೂ ತೆರೆಯಿತು. ಅನಸೂಯಾಬಾಯಿಗೆ ಫೋನು ಹಚ್ಚಿ, "ಬರ್ರಿ ಮಾವಶಿ, ಆತು," ಅಂದೆ.

ಅವರು ಡಿಸ್ಕಿನ ಜೊತೆ ನನಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ತಂದಿದ್ದರು. ಡಿಸ್ಕ್ ಕೂಡಿಸಿ, ಓಣಿಗೆಲ್ಲ ಗೊತ್ತಿದ್ದ ಹಳೆಯ ಪಾಸ್‌ವರ್ಡಿಗೆ ಅದು ತೆರೆಯದಂತೆ ಮಾಡಿದೆ. ಬೆರಳಚ್ಚಿಗೂ ಮೊದಲು ಒಂದು ಪಿನ್ ಸಂಖ್ಯೆ ಇಡಲೇಬೇಕು, ಬೆರಳು ಕೈಕೊಟ್ಟರೆ ಇರಲೆಂದು. ಅದನ್ನು ಅವರೇ ಇಡಬೇಕು, ನನಗೂ ಗೊತ್ತಾಗಬಾರದು.

"ಮಾವಶಿ, ಬಾಯಾಗ ಒಂದ ಗುಟುಕು ನೀರು ಹಿಡಕೋರಿ. ನುಂಗಬ್ಯಾಡ್ರಿ. ನಾ ಆ ಕಡೆ ತಿರುಗತೇನಿ."

ಹಿಂದಿನಿಂದ ಕೀಲಿಗಳ ಸದ್ದು ಬಂತು, ಗುಳುಗುಳು ಸದ್ದೂ ಬಂತು. ಮುಗಿದ ಮೇಲೆ ನೀರು ನುಂಗಿ, "ಎಷ್ಟ ಇಟ್ಟೆ ಹೇಳ್ಲೇನು?" ಅಂದರು.

"ಬ್ಯಾಡ್ರಿ ಮಾರಾಯ್ತಿ!"

ಆಮೇಲೆ, "ಹೆಬ್ಬೆಟ್ಟು ಇಡ್ರಿ," ಅಂದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಮುಖವೇ ಬೇರೆಯಾಗಿತ್ತು.

"ಸಹಿ ಕಲತ ದಿನಾ ಹೆಬ್ಬೆಟ್ಟ ಒತ್ತೂದು ಬಿಟ್ಟೇನಿ. ಬ್ಯಾರೆ ಬೆರಳ ಹೇಳ."

ಅದು ನನಗೆ ಹೊಳೆಯಬೇಕಿತ್ತು. ತೋರುಬೆರಳು ಇಡಿಸಿದೆ. ಮತ್ತೊಮ್ಮೆ ಇಡಿ ಎಂದಿತು ಪರದೆ. ಒರೆಸಿ ಇಡಿಸಿದೆ. ಮತ್ತೊಮ್ಮೆ ಇಡಿ. ನಡುಬೆರಳು, ಎಡಗೈಯ ತೋರುಬೆರಳು, ಎಡಗೈಯ ನಡುಬೆರಳು. ಎಲ್ಲಕ್ಕೂ ಅದೇ ಮಾತು. ನಾನು ಗಾಜು ಒರೆಸಿದೆ, ಅವರ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ನನ್ನ ಡಿಸ್ಕ್ ಇದ್ದಾಗ ನನ್ನ ಬೆರಳನ್ನು ಇದೇ ಯಂತ್ರ ಸರಾಗವಾಗಿ ಓದಿತ್ತು. ಕೊನೆಗೆ ಅವರೇ ನನ್ನ ಮುಖ ನೋಡದೆ ಹೆಬ್ಬೆಟ್ಟು ಚಾಚಿ ಒತ್ತಿದರು. ಅದನ್ನೂ ಯಂತ್ರ ಬೇಡವೆಂದಿತು.

ಅವರ ಕೈಯನ್ನು ಟೇಬಲ್ ದೀಪದ ಕೆಳಗೆ ಹಿಡಿದು ನೋಡಿದೆ. ಇಟ್ಟು ನೋಡಿದ ಬೆರಳುಗಳ ತುದಿಗಳು ನದಿಯ ಕಲ್ಲಿನಷ್ಟು ನುಣುಪು. ಒಂದು ಗೆರೆಯೂ ಇರಲಿಲ್ಲ. ಮೂವತ್ತು ವರ್ಷ ಬೀಡಿ ಎಲೆ ಸುತ್ತಿ ಸುತ್ತಿ ಎಲ್ಲ ಸವೆದಿತ್ತು.

"ರೇಷನ್ ಅಂಗಡ್ಯಾಗೂ ಹಿಂಗ ಆಕ್ಕೈತಿ," ಅಂದರು ಮೆಲ್ಲಗೆ. "ಅದು ಸರ್ಕಾರದ ಮಷೀನ್, ನನ್ನ ಮಷೀನ್ ಆದರೂ ನನ್ನ ಗುರುತು ಹಿಡದೀತು ಅನಕೊಂಡೆ. ನೀ ಕೇಳಿದ್ದರ ಹೇಳತಿದ್ದೆ."

ನಾನು ಕೇಳಿರಲಿಲ್ಲ. ಬೋರ್ಡು ಅಳೆದಿದ್ದೆ, ತೂತು ಅಳೆದಿದ್ದೆ, ಸ್ಕ್ರೂ ಎಣಿಸಿದ್ದೆ. ನಿಪ್ಪಾಣಿಯ ಬೀಡಿ ಕಟ್ಟಿದ ಕೈಗೆ ಮಾಡುವ ಬೀಗವನ್ನು ಇಪ್ಪತ್ತು ಸಲವೂ ನನ್ನ ಬೆರಳಿನಿಂದಲೇ ಪರೀಕ್ಷೆ ಮಾಡಿದ್ದೆ.

ಹೋಳಿಗೆಯ ಡಬ್ಬಿ ನಡುವೆ ಇತ್ತು, ಯಾರೂ ಮುಟ್ಟಲಿಲ್ಲ. ಆಮೇಲೆ ನಾನು, "ಮಾವಶಿ, ಬೀಡಿ ಹ್ಯಾಂಗ ಕಟ್ಟತಿದ್ರಿ ತೋರಸ್ರಿ," ಅಂದೆ.

"ಎಲಿ ಇಲ್ಲ, ಜರದಾ ಇಲ್ಲ."

"ಸುಮ್ನ ತೋರಸ್ರಿ."

ಅವರು ಕುರ್ಚಿ ಬಿಟ್ಟು ನೆಲದ ಮೇಲೆ ಕಾಲು ಚಾಚಿ ಕೂತರು. ಕುರ್ಚಿಯ ಮೇಲೆ ಕೂತರೆ ಕೈಗೆ ನೆನಪಾಗುವುದಿಲ್ಲವಂತೆ. ಮಡಿಲಲ್ಲಿ ಇಲ್ಲದ ಮೊರ ಇಟ್ಟುಕೊಂಡರು. ಇಲ್ಲದ ಎಲೆ ಎತ್ತಿ, ಇಲ್ಲದ ಜರದಾ ಉದುರಿಸಿ, ಸುತ್ತಿ, ತುದಿ ಮಡಚಿ, ದಾರ ಸುತ್ತಿದರು. ಒಂದು, ಎರಡು, ಮೂರು. ಕೈ ಎಷ್ಟು ಚುರುಕಾಯಿತೆಂದರೆ ನನಗೆ ಆ ಎಲೆಗಳೇ ಕಂಡಂತಾಯಿತು. ಅವರು ಏನೋ ಗುನುಗಲೂ ಶುರು ಮಾಡಿದ್ದರು. ನಾನು ಬೆರಳುಗಳನ್ನು ಮಾತ್ರ ನೋಡುತ್ತಿದ್ದೆ. ಎಂಟು ಬೆರಳು ದುಡಿಯುತ್ತಿದ್ದವು. ಬಲಗೈಯ ಕಿರುಬೆರಳೂ ತುದಿ ಮಡಚುವಾಗ ಕೆಳಗಿನಿಂದ ಆನಿಕೆ ಕೊಡುತ್ತಿತ್ತು. ಎಡಗೈಯ ಕಿರುಬೆರಳು ಒಂದೇ, ಬೀಗರ ಊಟಕ್ಕೆ ಬಂದ ದೊಡ್ಡಮನುಷ್ಯನಂತೆ, ದೂರ ಸರಿದು ನಿಂತಿತ್ತು.

"ಇದನ್ನ ಕೊಡ್ರಿ," ಎಂದು ಆ ಬೆರಳು ಹಿಡಿದು ರೀಡರಿನ ಮೇಲೆ ಇಟ್ಟೆ. ಪರದೆಯ ಮೇಲಿನ ಗೆರೆಗಳು ಒಂದೊಂದಾಗಿ ತುಂಬಿಕೊಂಡವು. ಹನ್ನೆರಡು ಸಲ ಇಟ್ಟು ತೆಗೆದ ಮೇಲೆ ಮುಗಿಯಿತು ಎಂದಿತು. ಮುಚ್ಚಿ ಮತ್ತೆ ಇಡಿಸಿದೆ. ತೆರೆಯಿತು.

"ಅಯ್ಯ ಇದರ! ಜಲಮದಾಗ ಒಂದ ಬೀಡಿ ಕಟ್ಟಲಿಲ್ಲ ಇದು," ಎಂದು ಅವರು ಆ ಬೆರಳನ್ನೇ ಬೈದರು. "ಮೈಗಳ್ಳಿ. ಈಗ ಸಾವಕಾರ್ತಿ ಆಗೇತಿ ನೋಡ."

ನನ್ನ ಇನ್ನೊಂದು ತಪ್ಪು ಆಗ ಕಂಡಿತು. ತೂತು ಕೊರೆದದ್ದು ಬಲಬದಿಗೆ, ಬೆರಳು ಎಡಗೈಯದು. ಪ್ರತಿ ಸಲವೂ ಅವರು ಕೈ ಅಡ್ಡ ಚಾಚಿ ತೆರೆಯಬೇಕು. ಡಿವಿಡಿ ಗೂಡು ಬಲಕ್ಕೇ ಇದ್ದುದರಿಂದ ಬೇರೆ ದಾರಿ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಬೆರಳು ಮೊದಲೇ ಗೊತ್ತಿದ್ದರೆ ತಂತಿ ಎಳೆದು ಎಡಕ್ಕೆ ಏನಾದರೂ ಜಾಗ ಹುಡುಕುತ್ತಿದ್ದೆ. ಆಮೇಲಿನಿಂದ ಇಂಥ ಯಾವ ಕೆಲಸ ಬಂದರೂ ಯಂತ್ರ ಬಿಚ್ಚುವ ಮೊದಲು ಗಿರಾಕಿಯ ಕೈ ನೋಡುವ ರೂಢಿ ಮಾಡಿಕೊಂಡೆ. ಕೆಲವರು ನನ್ನನ್ನು ಕೈ ನೋಡಿ ಭವಿಷ್ಯ ಹೇಳುವವಳು ಎಂದು ಚೇಷ್ಟೆ ಮಾಡಿದ್ದಾರೆ.

ನಾಲ್ಕು ದಿನ ಬಿಟ್ಟು ಅನಸೂಯಾಬಾಯಿಯ ಫೋನು. "ಬರತೀಯೇನ ತಂಗಿ? ಶಬಾನಾನ್ನ ಕರದೇನಿ. ಬರತೇನಿ ಅಂದಾಳ. ನನ್ನ ಮಾತ ನಂಬತಾಳೋ ಇಲ್ಲೋ, ಬೀಗ ಮಾಡಿದಾಕಿ ನೀ ಇದ್ದರ ಬೇಸು." ಅಂಗಡಿಗೆ ಕೀಲಿ ಹಾಕಿ ಬಸ್ಸು ಹತ್ತಿದೆ.

ನಿಪ್ಪಾಣಿಯ ಆ ಓಣಿಯಲ್ಲಿ ಗಾಳಿಗೂ ತಂಬಾಕಿನ ಘಾಟು. ಶಬಾನಾ ಹೊಸ್ತಿಲ ಹೊರಗೇ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ಅನಸೂಯಾಬಾಯಿ ಲ್ಯಾಪ್‌ಟಾಪನ್ನು ಹೊಸ್ತಿಲ ಮೇಲೆ ಇಟ್ಟರು.

"ನಿನ್ನ ಬೆರಳ ಇಟ್ಟ ನೋಡ," ಅಂದರು.

ಶಬಾನಾ ಕುಕ್ಕರಗಾಲಿನಲ್ಲಿ ಕೂತು ಹೆಬ್ಬೆರಳು ಇಟ್ಟಳು. ತೆರೆಯಲಿಲ್ಲ. ತೋರುಬೆರಳು, ನಡುಬೆರಳು, ಹತ್ತೂ ಬೆರಳು ಒಂದೊಂದಾಗಿ ಇಟ್ಟಳು. ಬಾವು ಇನ್ನೂ ಪೂರ್ತಿ ಇಳಿಯದ ಎಡಗೈಯನ್ನು ಬಲಗೈಯಿಂದ ಎತ್ತಿ ಇಟ್ಟಳು. ತಪ್ಪು ಬೆರಳು ಹೆಚ್ಚಾದಾಗ ಪರದೆ ಪಿನ್ ಕೇಳಿತು. ಆಗ ಅನಸೂಯಾಬಾಯಿಯ ಕಡೆ ನೋಡಿದಳು. ಅವರು ಒಳಗೆ ಹೋಗಿ, ಒಂದು ಗುಟುಕು ನೀರು ಬಾಯಲ್ಲಿ ತುಂಬಿಕೊಂಡು ಬಂದು, ಗಲ್ಲ ಉಬ್ಬಿಸಿಕೊಂಡು, ಸೆರಗು ಮರೆಮಾಡಿ ಪಿನ್ ಒತ್ತಿದರು. ಶಬಾನಾಳ ತುಟಿ ಸ್ವಲ್ಪ ಅಲುಗಿತು, ನಗು ಬಂದಿತ್ತು. ಅವರು ಮತ್ತೆ ಮುಚ್ಚಿ, ಈ ಸಲ ಎಡಗೈ ಅಡ್ಡ ಚಾಚಿ ಕಿರುಬೆರಳು ಇಟ್ಟರು. ತೆರೆಯಿತು.

"ಈ ಅಕ್ಕಾರ ಬೆರಳು?" ಎಂದು ಶಬಾನಾ ನನ್ನ ಕಡೆ ತೋರಿಸಿದಳು.

ಪರೀಕ್ಷೆಗೆ ನನ್ನ ಬೆರಳು ಇಟ್ಟಿದ್ದು ಬೇರೆ ಡಿಸ್ಕಿನ ಮೇಲೆ, ಇದರಲ್ಲಿ ನನ್ನ ಗುರುತಿಲ್ಲ ಎಂದು ವಿವರಿಸಲು ಹೊರಟವಳು ಅದನ್ನು ಬಿಟ್ಟು ನಾನೂ ಕೂತು ಹತ್ತು ಬೆರಳು ಇಟ್ಟು ತೋರಿಸಿದೆ. ಒಂದಕ್ಕೂ ತೆರೆಯಲಿಲ್ಲ.

ಶಬಾನಾ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು. ಒಳಗೆ ಹೋಗಿ ಗೋಡೆಗೆ ಆತು ಕೂತಳು. ನಾನು ಅವಳ ಹಿಂದೆಯೇ ಹೋಗಿ ಚಾಪೆಯ ತುದಿಯಲ್ಲಿ ಕೂರಬೇಕು ಅನ್ನುವಷ್ಟರಲ್ಲಿ ಆಕೆ ತಲೆ ತಗ್ಗಿಸಿ, "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ... ನೀವು ಜರಾ ಹೊರಗ ಕುಂದರ್ತೀರಿ?" ಅಂದಳು.

ನಾನು ಕಟ್ಟೆಯ ಮೇಲೆ ಬಂದು ಕೂತೆ. ಹಿಂದೆ ಬಾಗಿಲು ಮುಚ್ಚಿ ಅಗಳಿ ಬಿದ್ದ ಸದ್ದಾಯಿತು. ಪಕ್ಕದ ಮನೆಯವರು ಚಹಾ ಕೊಟ್ಟರು. ಒಳಗೆ ಬಹಳ ಹೊತ್ತು ಮೆಲುದನಿಯ ಮರಾಠಿ, ನಡುನಡುವೆ ಕೀಲಿಗಳ ಸದ್ದು. ಏನೆಂದು ನನಗೆ ಕೇಳಿಸಲಿಲ್ಲ. ಗಿರಾಕಿ ಕೈಬೀಸಿ ಹೋದಾಗ ಕೆಲಸ ಮುಗಿಯಿತು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಬೀಗ ಮಾಡಿದವಳನ್ನೂ ಹೊರಗೆ ಕೂರಿಸಿದ ಮೇಲೆಯೇ ಅದು ಬೀಗ ಆಗುವುದು. ಅವತ್ತು ಆ ಕಟ್ಟೆಯ ಮೇಲೆ ಕುಡಿದ ಚಹಾ ಮಾತ್ರ ಬಿಸಿಯಾಗಿಯೇ ಇತ್ತು.