ರಾಣಿಯ ತೋಳಿನ ಗುರುತು

ಐತಿಹಾಸಿಕ ಕಾದಂಬರಿಗಳ ಮುಖಪುಟ ನೋಡಿ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಗಲು ಕಾರಣ ಬೇಕಾದಷ್ಟಿದೆ, ಒಪ್ಪುತ್ತೇನೆ. ಕಲ್ಯಾಣದ ಚಾಲುಕ್ಯರ ರಾಣಿಯ ಹಿಂದೆ ಗೋಲ್ಕೊಂಡದ ಗುಮ್ಮಟ, ಯುದ್ಧಕ್ಕೆ ಹೊರಟ ಸರದಾರನ ಸೊಂಟದಲ್ಲಿ ಮದುವೆ ಮೆರವಣಿಗೆಯ ವರನ ಕತ್ತಿ, ನಾಲ್ಕು ರಾಜವಂಶಗಳಿಗೂ ದುಡಿದ ಒಂದೇ ಬಿಳಿ ಕುದುರೆ. ಇವನ್ನೆಲ್ಲ ಮಾಡಿದವಳೇ ನಾನು. ಹೈದರಾಬಾದಿನ ಚಿಕ್ಕಡಪಲ್ಲಿಯ ಒಂದು ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಕನ್ನಡ ತೆಲುಗು ಎರಡೂ ಭಾಷೆಯ ಪುಸ್ತಕಗಳಿಗೆ ಮುಖಪುಟ ಮಾಡುತ್ತಿದ್ದೆ.

ಆಗ ಊರಿಗೆ ಊರೇ ಸಾಫ್ಟ್‌ವೇರಿನ ಹುಚ್ಚು ಹಿಡಿಸಿಕೊಂಡಿತ್ತು. ನಾವಿದ್ದ ದಿಲ್‌ಸುಖ್‌ನಗರದ ಗೋಡೆಗಳ ತುಂಬ ಜಾವಾ ಕಲಿಸುವ ಕೋಚಿಂಗ್ ಸೆಂಟರುಗಳ ಬೋರ್ಡು. ಕಂಪ್ಯೂಟರ್ ಕೆಲಸ ಎಂದರೆ ನೆರೆಯವರ ಕಣ್ಣು ಅರಳುತ್ತಿತ್ತು, ರಾಣಿಯರಿಗೆ ಕಿರೀಟ ತೊಡಿಸುವ ಕೆಲಸ ಎಂದ ಕೂಡಲೇ ಮುಖ ಸಪ್ಪಗಾಗುತ್ತಿತ್ತು. ಅವ್ವನಿಗೆ ಮಾತ್ರ ಹೆಮ್ಮೆ. ಅಪ್ಪನ ರೈಲ್ವೆ ನೌಕರಿಯ ಹಿಂದೆ ಕಲಬುರಗಿ ಕಡೆಯಿಂದ ಬಂದವಳು ಅವಳು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಪ್ಪ ತೀರಿಕೊಂಡ ಮೇಲೆ ಅವಳ ಕನ್ನಡವೆಂದರೆ ನಾನು ಮತ್ತು ಕನ್ನಡ ಸಂಘದ ಎರಡು ಬೀರು ಪುಸ್ತಕ.

ಭಾನುವಾರ ಬೆಳಿಗ್ಗೆ ಸಂಘಕ್ಕೆ ಹೋಗುವುದೇ ಅವಳ ವಾರದ ಹಬ್ಬ. ಅಲ್ಲೊಂದು ರೂಢಿ ಇತ್ತು. ಪುಸ್ತಕ ತೆಗೆದುಕೊಂಡವರು ಚಹಾ ಕುಡಿಯುತ್ತ ತಾವು ಓದಿದ್ದನ್ನು ಒಬ್ಬೊಬ್ಬರಾಗಿ ಹೇಳಬೇಕು. ಇತಿಹಾಸದ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರು ಎಲ್ಲರ ಪುಸ್ತಕಗಳಲ್ಲೂ ಕೆಂಪು ಪೆನ್ನಿನಿಂದ ತಪ್ಪು ತಿದ್ದಿ ಇಡುತ್ತಿದ್ದರು. ಸಂಘದ ಪುಸ್ತಕ ಕೆಡಿಸಬೇಡಿ ಎಂದು ಅವರಿಗೆ ಯಾರೂ ಹೇಳುತ್ತಿರಲಿಲ್ಲ. ಕಥೆಗಿಂತ ಅವರ ಕೆಂಪು ಶಾಯಿಯನ್ನೇ ಆಸೆಪಟ್ಟು ಓದುವವರೂ ಇದ್ದರು.

ಒಮ್ಮೆ ಪ್ರಕಾಶಕರೊಬ್ಬರು ಚಾಲುಕ್ಯ ರಾಣಿಯ ಮೇಲಿನ ಕಾದಂಬರಿ ತಂದರು. ರಾಣಿ ಬೆನ್ನು ಮಾಡಿ, ತುಸು ಎಡಕ್ಕೆ ತಿರುಗಿ, ಕೋಟೆಯ ಮೇಲೆ ನಿಂತಿರಬೇಕು ಎಂದರು. ನಮ್ಮಲ್ಲಿದ್ದ ಸಿದ್ಧ ಚಿತ್ರಗಳ ಸಿಡಿಗಳ ರಾಣಿಯರೆಲ್ಲ ಆಗಲೇ ಬೇರೆ ಪುಸ್ತಕಗಳಲ್ಲಿ ಸವೆದು ಹೋಗಿದ್ದರು. ಅಂಗಡಿಯ ಹೊಸ ಡಿಜಿಟಲ್ ಕ್ಯಾಮೆರಾ ಕೇಳಿ ತಂದು ಅವ್ವನನ್ನು ಮಾಳಿಗೆಗೆ ಹತ್ತಿಸಿದೆ. ಮದುವೆಯ ಇಳಕಲ್ ಸೀರೆ ಉಟ್ಟು, ಜಡೆಗೆ ಮಲ್ಲಿಗೆ ಮುಡಿದು, ನಾಚಿಕೊಂಡು ನಿಂತಳು. ಕುಪ್ಪಸದ ವಿಷಯಕ್ಕೆ ಮಾತ್ರ ಜಗಳವಾಯಿತು. ಅವಳು ಯಾವಾಗಲೂ ಮೊಳಕೈ ಮುಚ್ಚುವ ಕುಪ್ಪಸವನ್ನೇ ತೊಡುತ್ತಿದ್ದಳು.

"ರಾಣಿ ಅಂದ್ರ ತೋಳಬಂದಿ ಕಾಣಬೇಕವ್ವ. ಗಿಡ್ಡ ತೋಳಿಂದು ಹಾಕ್ಕೊ."

"ನನ್ನ ಗುರ್ತ ಕಾಣತೈತಿ ಬೇ."

"ಅದನ್ನ ಕಂಪ್ಯೂಟರದಾಗ ತೆಗೀತೀನಿ. ನಾ ಅದೀನಲ್ಲ."

ಅವಳ ಎಡತೋಳಿನ ಮೇಲೆ ಸಿಡುಬಿನ ಲಸಿಕೆಯ ಕಲೆ ಇತ್ತು. ಅವಳ ವಯಸ್ಸಿನವರಿಗೆಲ್ಲ ಇರುವಂಥದ್ದೇ, ಆದರೆ ಅವ್ವನದು ದೊಡ್ಡದು. ಲಸಿಕೆಯವರು ಊರಿಗೆ ಬಂದಾಗ ಜೋಳದ ಚೀಲಗಳ ಹಿಂದೆ ಅಡಗಿದ್ದವಳನ್ನು ಎಳೆದು ತಂದು ಹಾಕಿಸಿದ್ದರಂತೆ. ಸಿಟ್ಟಿಗೆ ಕೆರೆದು ಕೆರೆದು ಹುಣ್ಣು ಮಾಡಿಕೊಂಡಳಂತೆ. ಮುಂದೆ ಹೆಣ್ಣು ನೋಡಲು ಬಂದ ಮೊದಲ ಮನೆಯವರು ಅದನ್ನು ಕಂಡು ಇದೇನು ರೋಗವೆಂದು ಕೇಳಿ ಎದ್ದು ಹೋದರು. ಅಂದಿನಿಂದ ಅವಳು ತೋಳು ಮುಚ್ಚಿಕೊಂಡಳು. ನನಗಾದರೋ ಆ ಗುರುತೆಂದರೆ ಪ್ರೀತಿ. ಚಿಕ್ಕವಳಿದ್ದಾಗ ಆ ಕುಳಿಯಲ್ಲಿ ಬೆರಳಿಟ್ಟುಕೊಂಡರೇನೇ ನನಗೆ ನಿದ್ದೆ. ನನ್ನ ಬೆರಳಿನ ಅಳತೆ ಕೊಟ್ಟು ಮಾಡಿಸಿದಂತಿತ್ತು ಅದು.

ಮರುದಿನ ಕಂಪ್ಯೂಟರಿನಲ್ಲಿ ನೀರಿನ ಟಾಕಿ ಅಳಿಸಿದೆ, ಡಿಶ್ ಆಂಟೆನಾ ಅಳಿಸಿದೆ, ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳಗಳನ್ನೂ ಅಳಿಸಿದೆ. ಗುರುತಿನ ಹತ್ತಿರ ಬಂದಾಗ ಕೈ ಏಳಲಿಲ್ಲ. ತೋಳಬಂದಿಯನ್ನು ಅದರ ಮೇಲೆಯೇ ಕೂಡಿಸಿದ್ದರೂ ಮುಗಿದು ಹೋಗುತ್ತಿತ್ತು. ಬೇಕೆಂದೇ ಎರಡು ಬೆರಳು ಕೆಳಗೆ ಕೂಡಿಸಿದೆ. ಅಷ್ಟು ಸಣ್ಣ ಕಲೆ ಅಚ್ಚಿನಲ್ಲಿ ಯಾರಿಗೆ ಕಾಣುತ್ತದೆ ಎಂದುಕೊಂಡೆ.

ಕಂಡಿತು. ಪುಸ್ತಕ ಬಂದಾಗ ಅವ್ವನ ಕಣ್ಣು ಕಿರೀಟ ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಸಂಘದಲ್ಲಿ ಯಾರಿಗೂ ಹೇಳಬೇಡ, ಅವರೇ ಗುರುತು ಹಿಡಿಯಲಿ ಎಂದಳು. ಪುಸ್ತಕ ಸಂಘದ ಬೀರು ಸೇರಿದ ಮೊದಲ ವಾರವೇ ಮಾಸ್ತರರು ಅದನ್ನು ಒಯ್ದರು. ಮುಂದಿನ ಭಾನುವಾರ ಅವರ ಸರದಿ ಬಂದಾಗ ಮುಖಪುಟವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ರಾಣಿಯ ತೋಳಿನ ಸುತ್ತ ಕೆಂಪು ಶಾಯಿಯ ದುಂಡನೆಯ ಗೆರೆ.

"ನೋಡ್ರಿ, ನಮ್ಮ ಮಹಾರಾಣಿಯವರು ಸರಕಾರಿ ದವಾಖಾನಿಗೆ ಹೋಗಿ ಲಸಿಕಿ ಹಾಕಿಸ್ಕೊಂಡ ಬಂದಾರ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವನೂ ನಕ್ಕಳು. ನಗುತ್ತಲೇ, ಮೊಳಕೈವರೆಗೆ ಮುಚ್ಚಿದ್ದ ತೋಳಿನ ಮೇಲೆ ಸೆರಗು ಎಳೆದುಕೊಂಡಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಎದ್ದು ನಿಂತು, ಅದು ನಮ್ಮವ್ವ, ತಪ್ಪು ನನ್ನದು ಎನ್ನಬಹುದಿತ್ತು. ಎನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಅವಳು ಒಂದೇ ಮಾತು ಹೇಳಿದಳು: "ತೆಗೀತೀನಿ ಅಂದಿದ್ದಿ."

ಆಮೇಲೆ ಭಾನುವಾರ ಬಂದರೆ ಅವಳಿಗೆ ಮೊಣಕಾಲು ನೋವು, ಇಲ್ಲವೇ ತಲೆನೋವು, ಇಲ್ಲವೇ ಹಿಟ್ಟು ಬೀಸಿಸುವ ಕೆಲಸ. ಮನೆಯಲ್ಲಿದ್ದ ಆ ಪುಸ್ತಕವನ್ನು ನನಗೆ ಹೇಳದೆ ರದ್ದಿಯವನಿಗೆ ಹಾಕಿದಳು. ಓದುವುದನ್ನೇ ಬಿಟ್ಟಳು. ಶಾಲೆ ಕೊಡದೆ ಹೋದದ್ದನ್ನು ತಾನೇ ಕಷ್ಟಪಟ್ಟು ಸಂಪಾದಿಸಿಕೊಂಡಿದ್ದಳು, ಅದನ್ನು ನಾನು ಕಿತ್ತುಕೊಂಡಿದ್ದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಸ್ವಲ್ಪ ದಿನಕ್ಕೆ ಪ್ರಕಾಶಕರು ಬಂದು, ಅದೇ ಚಿತ್ರವನ್ನು ಬಣ್ಣ ಬದಲಿಸಿ ಒಬ್ಬ ಬಹಮನಿ ಬೇಗಮಳ ಕಾದಂಬರಿಗೂ ಹಾಕಿ ಎಂದರು. ಚಿತ್ರ ತೆರೆದು ಮೊದಲು ಗುರುತನ್ನು ಅಳಿಸಿದೆ. ಅವಸರಕ್ಕೆ ಹಳೆಯ ಚಿತ್ರದ ಮೇಲೆಯೇ ಸೇವ್ ಮಾಡಿದೆ. ಕ್ಯಾಮೆರಾದಲ್ಲಿದ್ದ ಮೂಲ ಚಿತ್ರವನ್ನು ಯಾವುದೋ ಮದುವೆಯ ಕೆಲಸಕ್ಕೆಂದು ಆಗಲೇ ಖಾಲಿ ಮಾಡಿದ್ದರು. ಅದರ ಚಿಂತೆ ನನಗಿರಲಿಲ್ಲ, ಅಚ್ಚಿನ ಪ್ರತಿ ಹಿಡಿದುಕೊಂಡು ಮನೆಗೆ ಓಡಿದೆ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಚಂದ ಆಗೇತಿ. ತೋಳು ಮಾತ್ರ ಯಾರದೋ ಅನಸ್ತೈತಿ."

ಆದರೆ ಮುಂದಿನ ಭಾನುವಾರ ಸಂಘಕ್ಕೆ ಹೊರಟಳು. ನನಗೆ ಅಷ್ಟೇ ಬೇಕಾಗಿತ್ತು. ಅಲ್ಲಿಂದ ಮುಂದೆ ವರ್ಷಾನುಗಟ್ಟಲೆ ಅವ್ವನೇ ನಮ್ಮ ಅಂಗಡಿಯ ರಾಣಿ. ಸೀರೆಯ ಬಣ್ಣ ಬದಲಾಯಿಸಿದೆ, ಎಡವನ್ನು ಬಲ ಮಾಡಿದೆ, ಒಮ್ಮೆ ಕೈಗೆ ಕತ್ತಿಯನ್ನೂ ಕೊಟ್ಟೆ. ಚಾಲುಕ್ಯರ ಪುಸ್ತಕ ಎರಡನೇ ಸಲ ಅಚ್ಚಾದಾಗ ಅದಕ್ಕೂ ಅಳಿಸಿದ ತೋಳೇ ಬಂತು. ಅವ್ವ ಎಲ್ಲವನ್ನೂ ಓದಿ, ರೊಟ್ಟಿ ಬಡಿಯುತ್ತ ನನಗೆ ವರದಿ ಒಪ್ಪಿಸುತ್ತಿದ್ದಳು. "ಈ ಸಲ ನನಗ ವಿಷ ಹಾಕ್ಯಾರ ನೋಡು, ಅದೂ ಪಾಯಸದಾಗ." "ಇದರಾಗ ಮೂರು ಹೆಂಡ್ರು, ನಾ ನಡುವಿನಾಕಿ." ಸಂಘದಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ.

ಅವ್ವ ಹೋದ ಮೇಲೆ ಮನೆಯ ಎಲ್ಲ ಫೋಟೋ ತೆಗೆದು ನೋಡಿದೆ. ಮದುವೆಯದರಲ್ಲಿ ಹೊದ್ದ ಶಾಲು, ಉಳಿದವುಗಳಲ್ಲಿ ಉದ್ದ ತೋಳು. ಆ ಗುರುತು ಎಲ್ಲಿಯೂ ಇರಲಿಲ್ಲ. ಇದ್ದ ಒಂದನ್ನು ನಾನೇ ಕೈಯಾರೆ ಅಳಿಸಿದ್ದೆ. ಮೊದಲ ಮುದ್ರಣಕ್ಕಾಗಿ ಪ್ರಕಾಶಕರನ್ನು ಕೇಳಿದೆ, ಆಬಿಡ್ಸ್‌ನಲ್ಲಿ ಭಾನುವಾರದ ಹಳೆ ಪುಸ್ತಕಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹುಡುಕಿದೆ. ಸಂಘದ ಮೆಟ್ಟಿಲು ಹತ್ತುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ದಿನ ಮಾಸ್ತರರೇ ಕೋಲೂರಿಕೊಂಡು ಮಾತನಾಡಿಸಲು ಬಂದರು. "ಭಾಳ ಚಂದ ಓದತಿದ್ರು ನಿಮ್ಮವ್ವ," ಎಂದರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಸರ, ಆ ಲಸಿಕಿ ಹಾಕಿಸ್ಕೊಂಡ ರಾಣಿ ನಮ್ಮವ್ವನ ರಿ."

ಅವರು ಚಹಾ ಹಾಗೆಯೇ ಬಿಟ್ಟು ಎದ್ದು ಹೋದರು. ಮನೆಗೆ ಬಂದ ಹಿರಿಯರಿಗೆ ಹಾಗೆ ಅನ್ನಬಾರದಿತ್ತೆಂದು ವಾರವಿಡೀ ಚಡಪಡಿಸಿದೆ.

ಮುಂದಿನ ಭಾನುವಾರ ಮತ್ತೆ ಬಂದರು, ಕೈಯಲ್ಲಿ ಬಟ್ಟೆಯ ಚೀಲ. ಅದರೊಳಗಿಂದ ಸಂಘದ ಮೊಹರಿದ್ದ ಆ ಮೊದಲ ಪ್ರತಿಯನ್ನು ತೆಗೆದರು. ರಾಣಿಯ ತೋಳಿನ ಮೇಲೆ ಅವರದೇ ಕೆಂಪು ಗೆರೆ, ಅದರ ನಡುವೆ ಅವ್ವನ ಗುರುತು. ಕಿಸೆಯಿಂದ ಕಾಗದದಲ್ಲಿ ಸುತ್ತಿದ್ದ ಅರ್ಧ ಬ್ಲೇಡು ತೆಗೆದರು.

"ನನಗ ಗೊತ್ತಿರಲಿಲ್ಲ ತಂಗಿ. ಈ ಶಾಯಿ ಹಗೂರಕ ಕೆರದು ತೆಗೀತೀನಿ, ಅದಕ್ಕ ಬಂದೀನಿ."

"ಬ್ಯಾಡ್ರಿ ಸರ," ಎಂದೆ. "ಕೆರದ್ರ ಅದೂ ಹೋಗತೈತಿ. ನಮ್ಮವ್ವಂದು ಇದೊಂದ ಉಳದೈತಿ."

ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕೆಂಪು ಗೆರೆಯ ಒಳಗೆ ಬೆರಳಿಟ್ಟೆ. ಕಾಗದ ನುಣ್ಣಗಿತ್ತು, ಕುಳಿ ಸಿಗಲಿಲ್ಲ. ಆದರೂ ಮಾಸ್ತರರು ಚಹಾ ಕುಡಿದು ಮುಗಿಸುವವರೆಗೆ ಬೆರಳು ತೆಗೆಯಲಿಲ್ಲ.